ಬಟ್ಟಲನ್ನು ಬಿಸುಟ ಮುದುಕ

ಪ್ಯಾರಿಸ್ ನಗರದ ಲೂವ್ರ್ ವಸ್ತುಸಂಗ್ರಹಾಲಯದಲ್ಲಿ ಒಂದು ತೈಲಚಿತ್ರವಿದೆ. ಎತ್ತರ 160 ಸೆಂಟಿಮೀಟರು, ಅಗಲ 221 ಸೆಂಟಿಮೀಟರು. ಸಾಮಾನ್ಯ ಹೋಟೆಲೊಂದರ ಗಲ್ಲಾದ ಹಿಂದಣ ಗೋಡೆಯನ್ನು ಬಹುಮಟ್ಟಿಗೆ ತುಂಬಿಬಿಡುವಷ್ಟು ದೊಡ್ಡದು. ಪ್ಯಾರಿಸ್ಸಿಗೆ ಹೋಗಿ ಅದನ್ನು ಕಣ್ಣಾರೆ ಕಂಡವನು ನಾನಲ್ಲ. ಮುಂಬಯಿಯ ಫೋರ್ಟಿನಲ್ಲಿ ಪಾದಚಾರಿಗಳ ದಾರಿಯ ಮೇಲೆ ಹಳೆಯ ಪುಸ್ತಕಗಳನ್ನು ಹರಡಿ ಮಾರುವವರೊಬ್ಬರಲ್ಲಿ ಹಲವು ವರ್ಷಗಳ ಹಿಂದೆ ಅದರ ಅಚ್ಚಿನ ಪ್ರತಿ ನನ್ನ ಕೈಗೆ ಬಂದಿತು. ಚಿತ್ರಕಲೆಯ ವಿಷಯದಲ್ಲಿ ನಾನು ಪಂಡಿತನಲ್ಲ. ರಾತ್ರಿ ಶಾಲೆಯಲ್ಲಿ ಎಸ್.ಎಸ್.ಎಲ್.ಸಿ.ಯವರೆಗೆ ಓದಿದವನು. ಹಸಿರು ಬಹಳವಾಗಿದ್ದುದರಿಂದ, ಊರಿನ ನೆನಪು ಬಂದು ಕೊಂಡೆನೆಂಬುದೇ ನಿಜ.

ಮೊದಲ ನೋಟಕ್ಕೆ ಅದರಲ್ಲಿ ಕಾಣುವುದು ಮರಗಳು, ನೀರು, ಆಕಾಶ. ತುಂಬುಹಸಿರಿನ ದೊಡ್ಡ ಮರಗಳ ನಡುವೆ ಒಂದು ಹೊಳೆ ಬಳುಕಿ ಹರಿದಿದೆ. ಅದರ ದಂಡೆಯಲ್ಲಿ ಅಲ್ಲಲ್ಲಿ ಜನರಿದ್ದಾರೆ. ಕೆಲವರು ಅಡ್ಡಾಡುತ್ತಿದ್ದಾರೆ, ಕೆಲವರು ಬಿದ್ದುಕೊಂಡು ವಿಶ್ರಮಿಸುತ್ತಿದ್ದಾರೆ. ದೂರದಲ್ಲಿ ಗುಡ್ಡದ ಮೇಲೆ ಒಂದು ಭವ್ಯವಾದ ಕಟ್ಟಡ. ಇದಿಷ್ಟನ್ನೂ ನೋಡಿ ಮುಗಿಸಿದ ಮೇಲೆಯೇ ಕಣ್ಣು ಕೆಳಕ್ಕೆ, ಹತ್ತಿರದ ನೆಲಕ್ಕೆ ಇಳಿಯುತ್ತದೆ. ಅಲ್ಲಿ ಒಬ್ಬ ತರುಣನು ನೀರಿನ ಅಂಚಿನಲ್ಲಿ ಮಂಡಿಯೂರಿ, ಅಂಗೈಯನ್ನೇ ಗುಳಿಮಾಡಿ ನೀರು ಕುಡಿಯುತ್ತಿದ್ದಾನೆ. ಅವನ ಪಕ್ಕದಲ್ಲಿ ಗಡ್ಡದ ಮನುಷ್ಯನೊಬ್ಬನು ನಿಂತು ಅವನನ್ನೇ ನೋಡುತ್ತಿದ್ದಾನೆ. ಇಬ್ಬರ ಬಳಿಯಲ್ಲಿ, ನೆಲದ ಮೇಲೆ, ಒಂದು ಬಟ್ಟಲು ಬಿದ್ದಿದೆ.

ಇಷ್ಟೇ ಕಥೆ. ಇಷ್ಟು ದೊಡ್ಡ ಚಿತ್ರದಲ್ಲಿ ಅದಕ್ಕೆ ಸಿಕ್ಕಿದ ಜಾಗವು ಒಂದು ಮೂಲೆಯಷ್ಟೇ ಎಂದರೂ ಸಲ್ಲುತ್ತದೆ. ಚಿತ್ರದ ಹೆಸರು 'ಡಯೋಜನೀಸನಿರುವ ಪ್ರಕೃತಿದೃಶ್ಯ'. ಬರೆದವನು ನಿಕೊಲಾ ಪೂಸ್ಸಾಂ ಎಂಬ ಫ್ರೆಂಚ್ ಚಿತ್ರಕಾರ.

ಡಯೋಜನೀಸನೆಂಬವನು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಗ್ರೀಕ್ ತತ್ತ್ವಜ್ಞಾನಿ. ಕಪ್ಪು ಸಮುದ್ರದ ತೀರದ ಸಿನೋಪೆ ಎಂಬ ಪಟ್ಟಣ ಅವನ ಹುಟ್ಟೂರು. ಈಗ ಅದು ತುರ್ಕಿಯಲ್ಲಿದೆ. ಅವನ ತಂದೆ ಲೇವಾದೇವಿಯವನು. ಊರಿನ ನಾಣ್ಯಗಳನ್ನು ಕೆಡಿಸಿದರೆಂಬ ಅಪವಾದ ತಂದೆಯ ಮೇಲೋ ಮಗನ ಮೇಲೋ ಇಬ್ಬರ ಮೇಲೋ ಬಂದು, ಮಗನು ಊರು ಬಿಡಬೇಕಾಯಿತು. ಹೀಗೆ ಅಥೆನ್ಸಿಗೆ ಬಂದು ಸೇರಿದ ಈ ಪರವೂರಿನವನಿಗೆ ಮನೆ ಸಿಗಲಿಲ್ಲ. ಒಂದು ಚಿಕ್ಕ ಮನೆ ನೋಡಿಕೊಡೆಂದು ಯಾರಿಗೋ ಬರೆದಿದ್ದನಂತೆ, ಅದು ತಡವಾಯಿತಂತೆ. ಆಗ ಪೇಟೆಯ ದೇವಾಲಯವೊಂದರ ಬಳಿ ಇದ್ದ ದೊಡ್ಡ ಮಣ್ಣಿನ ಗುಡಾಣವನ್ನೇ ಮನೆ ಮಾಡಿಕೊಂಡನು. ಮುಂಬಯಿಯಲ್ಲಿ ಖೋಲಿ ಹುಡುಕಿದ ವಾಚಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಗುಡಾಣ, ಒಂದು ಕೋಲು, ಒಂದು ಜೋಳಿಗೆ, ಆ ಜೋಳಿಗೆಯಲ್ಲಿ ಒಂದು ಬಟ್ಟಲು: ಇವಿಷ್ಟು ಅವನ ಸಂಸಾರ. ಒಂದು ದಿನ ಯಾವುದೋ ಮಗು ಕೈಯಿಂದಲೇ ನೀರು ಮೊಗೆದು ಕುಡಿಯುವುದನ್ನು ಕಂಡು, ಸರಳತನದಲ್ಲಿ ಈ ಮಗು ನನ್ನನ್ನು ಸೋಲಿಸಿತೆಂದು ಹೇಳಿ ಬಟ್ಟಲನ್ನು ಎಸೆದುಬಿಟ್ಟನು. ಇದನ್ನು ನಮಗೆ ತಿಳಿಸಿದವನು ಅವನಿಂದ ಹಲವು ಶತಮಾನಗಳ ಅನಂತರ ತತ್ತ್ವಜ್ಞಾನಿಗಳ ಚರಿತ್ರೆಗಳನ್ನು ಸಂಗ್ರಹಿಸಿದ ಡಯೋಜನೀಸ್ ಲಾಯರ್ಟಿಯಸ್ ಎಂಬ ಅದೇ ಹೆಸರಿನ ಇನ್ನೊಬ್ಬ. ಅದೇ ಗ್ರಂಥದಲ್ಲಿ ಇದರ ಬೆನ್ನಿಗೇ ಇನ್ನೊಂದು ಪ್ರಸಂಗವಿದೆ. ಮತ್ತೊಂದು ಮಗು ತನ್ನ ತಟ್ಟೆಯನ್ನು ಒಡೆದುಕೊಂಡು, ರೊಟ್ಟಿಯ ತುಂಡನ್ನೇ ಗುಳಿಮಾಡಿ ಅದರಲ್ಲಿ ಬೇಳೆಯನ್ನು ತೆಗೆದುಕೊಂಡು ತಿನ್ನುತ್ತಿತ್ತಂತೆ. ಅದನ್ನು ಕಂಡು ಅವನು ಊಟದ ಪಾತ್ರೆಯನ್ನೂ ಬಿಸುಟನು. ಈ ಎರಡನೆಯ ಕಥೆಯನ್ನು ಚಿತ್ರಕಾರರು ಅಷ್ಟಾಗಿ ಎತ್ತಿಕೊಂಡಂತೆ ಕಾಣುವುದಿಲ್ಲ. ನನಗಾದರೋ ಅದೇ ಹೆಚ್ಚು ಪ್ರಿಯ. ರೊಟ್ಟಿಯೇ ಚಮಚವಾಗಬಹುದೆಂಬ ಶೋಧವನ್ನು ನಮ್ಮ ದೇಶದ ಪ್ರತಿಯೊಂದು ಮಗುವೂ ಮಾಡಿದೆ, ಯಾವ ತತ್ತ್ವಜ್ಞಾನಿಯೂ ಅದಕ್ಕೆ ಶರಣಾಗಲಿಲ್ಲ.

ಈ ಮುದುಕನ ಪಂಥದವರಿಗೆ ಗ್ರೀಕರು ಇಟ್ಟ ಹೆಸರು 'ನಾಯಿಯಂಥವರು' ಎಂಬ ಅರ್ಥದ್ದು. ನಾವು ಪತ್ರಿಕೆಗಳಲ್ಲಿ ಇಂದು ಸಿನಿಕ, ಸಿನಿಕತನ ಎಂದು ಬರೆಯುವ ಮಾತು ಅಲ್ಲಿಂದಲೇ ಬಂದದ್ದು. ಏನನ್ನೂ ನಂಬದವನು, ಎಲ್ಲವನ್ನೂ ಹೀಗಳೆಯುವವನು ಎಂದು ಈಗಿನ ಅರ್ಥ. ಆದರೆ ಆ ಹಳೆಯ ಸಿನಿಕನು ಒಂದನ್ನು ಗಟ್ಟಿಯಾಗಿ ನಂಬಿದ್ದನು: ಮನುಷ್ಯನಿಗೆ ನಿಜವಾಗಿ ಬೇಕಾದದ್ದು ಬಹಳ ಸ್ವಲ್ಪ, ಉಳಿದುದನ್ನು ಕಾಯುತ್ತ ಅವನು ತಾನೇ ಅದರ ಆಳಾಗುತ್ತಾನೆ.

ಇನ್ನು ಚಿತ್ರಕಾರನ ಮಾತು. ಪೂಸ್ಸಾಂ ಹುಟ್ಟಿದ್ದು 1594ರಲ್ಲಿ, ಫ್ರಾನ್ಸಿನ ನಾರ್ಮಂಡಿ ಪ್ರಾಂತದಲ್ಲಿ. ಮೂವತ್ತರ ಹರೆಯದಲ್ಲಿ, 1624ರಲ್ಲಿ, ರೋಮನ್ನು ಸೇರಿದನು. ಅಲ್ಲಿಯೇ ಬಾಳಿ 1665ರಲ್ಲಿ ಅಲ್ಲಿಯೇ ಮಣ್ಣಾದನು. ಅಂದರೆ ಅವನೂ ಹೊರನಾಡಿನಲ್ಲಿ ದುಡಿದು ತಿಂದವನು. ರೋಮಿನಲ್ಲಿ ಕಾಯಿಲೆ ಬಿದ್ದಾಗ ಅವನ ಶುಶ್ರೂಷೆ ಮಾಡಿದವರು ಅಲ್ಲಿ ನೆಲೆಸಿದ್ದ ತನ್ನದೇ ನಾಡಿನ ಒಂದು ಕುಟುಂಬದವರು. ಆ ಮನೆಯ ಯಜಮಾನ ಜಾಕ್ ದ್ಯೂಘೆ ವೃತ್ತಿಯಿಂದ ಅಡುಗೆಯವನು. ಅವನ ಮಗಳನ್ನೇ ಪೂಸ್ಸಾಂ 1630ರಲ್ಲಿ ಮದುವೆಯಾದನು. ಪರಸ್ಥಳದಲ್ಲಿ ಕಾಯಿಲೆಯಾದರೆ ಊರಿನ ಅಡುಗೆಯವನೇ ಗಂಜಿ ಕಾಸಿ ಕೊಡುವವನೆಂಬ ಸಂಗತಿ ಆ ಕಾಲದ ರೋಮಿನಲ್ಲಿಯೂ ಹೀಗೆಯೇ ಇತ್ತೆಂದು ತಿಳಿದಾಗ ಈ ಚಿತ್ರಕಾರನು ನನಗೆ ಬಹಳ ಹತ್ತಿರದವನಾದನು.

1640ರಲ್ಲಿ ಫ್ರಾನ್ಸಿನ ದೊರೆ ಹದಿಮೂರನೆಯ ಲೂಯಿಯು ಅವನನ್ನು ಪ್ಯಾರಿಸ್ಸಿಗೆ ಕರೆಸಿಕೊಂಡನು. ಆಸ್ಥಾನದ ಪ್ರಥಮ ಚಿತ್ರಕಾರನೆಂಬ ಪದವಿ, ಅರಮನೆಯ ತೋಟದಲ್ಲಿ ವಾಸಕ್ಕೆ ಮನೆ, ಸಂಬಳ, ಎಲ್ಲವೂ ಸಿಕ್ಕಿದವು. ಅವುಗಳ ಜೊತೆಗೆ ಪುಸ್ತಕದ ಮುಖಪತ್ರ ಬರೆದುಕೊಡು, ಗ್ಯಾಲರಿಯ ಛಾವಣಿಗೆ ಅಲಂಕಾರ ಮಾಡು ಎಂಬ ಹತ್ತೆಂಟು ಅಪ್ಪಣೆಗಳೂ, ಆಸ್ಥಾನದ ಹೊಟ್ಟೆಕಿಚ್ಚೂ ಬಂದವು. ಎರಡು ವರ್ಷ ತಡೆದು, ಹೆಂಡತಿಯನ್ನು ಕರೆತರುವೆನೆಂಬ ನೆಪ ಹೇಳಿ 1642ರಲ್ಲಿ ರೋಮಿಗೆ ಹೊರಟವನು ಮತ್ತೆ ಹಿಂದಿರುಗಲಿಲ್ಲ. ಬಟ್ಟಲನ್ನು ಬಿಸುಡುವುದು ಹೇಗೆಂದು ಈ ಚಿತ್ರವನ್ನು ಬರೆಯುವ ಮೊದಲೇ ಅವನಿಗೆ ತಿಳಿದಿತ್ತು.

ಅವನ ಮನೆಯ ಒಂದು ಪ್ರಸಂಗವನ್ನು ಅವನ ಚರಿತ್ರೆ ಬರೆದ ಬೆಲ್ಲೋರಿ ಎಂಬ ಇಟಲಿಯ ವಿದ್ವಾಂಸನು ದಾಖಲೆ ಮಾಡಿದ್ದಾನೆ. ಒಂದು ರಾತ್ರಿ ಕಮಿಲ್ಲೊ ಮಾಸ್ಸಿಮಿ ಎಂಬ ಶ್ರೀಮಂತ ಧರ್ಮಾಧಿಕಾರಿ ಪೂಸ್ಸಾಂನ ಮನೆಗೆ ಬಂದು ಬಹಳ ಹೊತ್ತು ಮಾತಾಡಿ ಹೊರಟನು. ಚಿತ್ರಕಾರನು ತಾನೇ ದೀಪ ಹಿಡಿದು ಮೆಟ್ಟಿಲಿಳಿದು ಬಾಗಿಲವರೆಗೆ ಕಳುಹಿಸಿಕೊಟ್ಟನು. ದೀಪ ಹಿಡಿಯುವುದಕ್ಕೂ ಒಬ್ಬ ಆಳಿಲ್ಲವಲ್ಲಾ ಎಂದು ಮಾಸ್ಸಿಮಿ ಮರುಗಿದನು. ಅದಕ್ಕೆ ಪೂಸ್ಸಾಂ, ತಮಗೆ ಅಷ್ಟೊಂದು ಆಳುಗಳಿರುವುದಕ್ಕಾಗಿ ನನಗೆ ಇನ್ನೂ ಹೆಚ್ಚು ಮರುಕವೆನಿಸುತ್ತದೆ ಎಂಬರ್ಥದ ಉತ್ತರ ಕೊಟ್ಟನಂತೆ. ಹದಿನೆಂಟು ಜನ ಕೆಲಸದವರ ಹಾಜರಿ ಪುಸ್ತಕವನ್ನು ಒಂಬತ್ತು ವರ್ಷ ಬರೆದ ನನಗೆ, ಒಬ್ಬನು ಊರಿಗೆ ಹೋಗಿ ಬಾರದಿದ್ದರೆ ಹಬ್ಬದ ದಿನ ದೋಸೆಯ ಕಾವಲಿಯ ಮುಂದೆ ಯಾರು ನಿಲ್ಲುವರೆಂದು ನಿದ್ದೆಗೆಟ್ಟವನಿಗೆ, ಈ ಉತ್ತರದ ಬೆಲೆ ಗೊತ್ತು.

ಪೂಸ್ಸಾಂನು ಸೋಮಾರಿಯಾದ ವಿರಕ್ತನಂತೂ ಅಲ್ಲ. ಟೈಬರ್ ನದಿಯ ದಂಡೆಯಲ್ಲಿ, ರೋಮಿನ ಸುತ್ತಣ ಬಯಲಿನಲ್ಲಿ ತಿರುಗಾಡಿ, ಕಲ್ಲುಗಳನ್ನೂ ಪಾಚಿಯನ್ನೂ ಹೂಗಳನ್ನೂ ಕೈವಸ್ತ್ರದಲ್ಲಿ ಕಟ್ಟಿಕೊಂಡು ಮನೆಗೆ ತರುತ್ತಿದ್ದನೆಂದು ಕಂಡವರು ಬರೆದಿದ್ದಾರೆ. ಇದ್ದದ್ದನ್ನು ಇದ್ದಂತೆಯೇ ಬರೆಯಬೇಕೆಂಬುದು ಅವನ ಹಟ. ಇಷ್ಟು ಚೆನ್ನಾಗಿ ಬರೆಯುವುದು ಹೇಗೆ ಸಾಧ್ಯವಾಯಿತೆಂದು ಕೇಳಿದ್ದಕ್ಕೆ, ಯಾವುದನ್ನೂ ನಾನು ಅಲಕ್ಷ್ಯ ಮಾಡಲಿಲ್ಲವೆಂದನಂತೆ. ನಮ್ಮ ಈ ಚಿತ್ರದ ಮುಂಭಾಗದ ನೆಲವನ್ನೂ ಕಲ್ಲನ್ನೂ ಗಿಡಗಳನ್ನೂ ನೋಡಿದರೆ ಆ ಕೈವಸ್ತ್ರದ ಗಂಟು ನೆನಪಿಗೆ ಬರುತ್ತದೆ. ಜೀವನದಲ್ಲಿ ಎಲ್ಲವನ್ನೂ ಬಿಟ್ಟವನ ಕಥೆಯನ್ನು ಹೇಳಲು ಏನನ್ನೂ ಬಿಡದವನೊಬ್ಬನು ಬೇಕಾಯಿತು!

ದೂರದ ಗುಡ್ಡದ ಮೇಲೆ ಕಟ್ಟಡವೊಂದಿದೆಯೆಂದೆನಷ್ಟೆ. ಅದು ಗ್ರೀಸ್ ದೇಶದ್ದಲ್ಲ. ರೋಮಿನಲ್ಲಿ ಪೋಪರ ನಿವಾಸವಾದ ವ್ಯಾಟಿಕನ್ನಿನ ಬೆಲ್ವೆದೇರೆ ಎಂಬ ಸೌಧ. 1480ರ ದಶಕದಲ್ಲಿ ಕಟ್ಟಲು ತೊಡಗಿದ್ದು. ಡಯೋಜನೀಸನು ಸತ್ತು ಸಾವಿರದ ಎಂಟುನೂರು ವರ್ಷಗಳಾದ ಮೇಲೆ ಎದ್ದ ಕಟ್ಟಡವು ಅವನ ಬೆನ್ನ ಹಿಂದೆ ಹೇಗೆ ಬಂದಿತು? ಪೂಸ್ಸಾಂ ಅಜ್ಞಾನಿಯಲ್ಲ, ಪುರಾತನರ ಗ್ರಂಥಗಳನ್ನು ಅರೆದು ಕುಡಿದವನು; ಬೇಕೆಂದೇ ಇಟ್ಟಿದ್ದಾನೆ. 'ಬೆಲ್ವೆದೇರೆ' ಎಂದರೆ ಇಟಲಿಯ ಭಾಷೆಯಲ್ಲಿ ಚೆಲುವಾದ ನೋಟವೆಂದು ಅರ್ಥ. ಚೆಲುವಾದ ನೋಟಕ್ಕಾಗಿ ಪೋಪರು ಗುಡ್ಡದ ಮೇಲೆ ಸೌಧ ಕಟ್ಟಿಸಿದರು. ಕೆಳಗೆ ಹೊಳೆಯ ಬಳಿ ಮಂಡಿಯೂರಿದ ಹುಡುಗನ ಸುತ್ತ ಆ ನೋಟವೆಲ್ಲ ಬಿಟ್ಟಿಯಾಗಿ ಬಿದ್ದಿದೆ. ಚಿತ್ರಕಾರನು ಇದನ್ನು ಬಾಯಿಬಿಟ್ಟು ಹೇಳಿಲ್ಲ, ನಾನು ಹೇಳಿಬಿಟ್ಟೆ, ಪತ್ರಿಕೆಯವರ ದುರಭ್ಯಾಸ.

ಆ ಕಾಲದ ಬೇರೆ ಚಿತ್ರಕಾರರೂ ಈ ಕಥೆಯನ್ನು ಬರೆದದ್ದುಂಟು. ಸಾಲ್ವಾತೋರ್ ರೋಸಾ ಎಂಬ ಇಟಲಿಯವನ ಚಿತ್ರ ಕೋಪನ್‌ಹೇಗನ್ನಿನಲ್ಲಿದೆ. ಪೂಸ್ಸಾಂನ ಹೆಚ್ಚುಗಾರಿಕೆಯೆಂದರೆ, ತ್ಯಾಗವನ್ನು ದೊಡ್ಡದು ಮಾಡದೆ ನೀರನ್ನೂ ಮರಗಳನ್ನೂ ದೊಡ್ಡದು ಮಾಡಿದ್ದು. ಅವನ ಡಯೋಜನೀಸನು ಭಾಷಣ ಮಾಡುತ್ತಿಲ್ಲ. ಸುತ್ತಲಿನವರಲ್ಲಿ ಒಬ್ಬನಾದರೂ ಅವನ ಕಡೆಗೆ ತಿರುಗಿ ನೋಡುತ್ತಿಲ್ಲ. ಹೊಳೆ ಹರಿಯುತ್ತಿದೆ, ಮಲಗಿದವರು ಮಲಗಿದ್ದಾರೆ. ನಮ್ಮಲ್ಲಿ ಯಾರಾದರೂ ಮಹಾನುಭಾವರು ಒಂದು ಬಟ್ಟಲನ್ನು ಬಿಸುಡುವುದಾದರೆ ಮೊದಲು ಪತ್ರಿಕಾ ಕಛೇರಿಗೆ ಹೇಳಿ ಕಳುಹಿಸುತ್ತಾರೆ. ಫೋಟೋದವನು ಬರುವವರೆಗೆ ಬಟ್ಟಲನ್ನು ಕೈಯಲ್ಲಿಯೇ ಹಿಡಿದುಕೊಂಡಿರುತ್ತಾರೆ.

ಈ ಚಿತ್ರವನ್ನು ಬರೆಯಿಸಿಕೊಂಡವರು ಯಾರು? ಪೂಸ್ಸಾಂನನ್ನು ಚೆನ್ನಾಗಿ ಬಲ್ಲ ಫೆಲಿಬಿಯಾಂ ಎಂಬವನು ಬರೆದಿರುವಂತೆ, 1648ರಲ್ಲಿ ಲ್ಯುಮಾಗ್ ಎಂಬ ಲೇವಾದೇವಿ ಮನೆತನದವನಿಗಾಗಿ ಇದು ಆಯಿತು. ಕೆಲವು ವಿದ್ವಾಂಸರು ಚಿತ್ರದ ರೀತಿಯನ್ನು ನೋಡಿ ಹತ್ತು ವರ್ಷ ಅನಂತರದ್ದೆನ್ನುತ್ತಾರೆ. ಲೇವಾದೇವಿಗಾರನ ಮಗನ ತ್ಯಾಗದ ಚಿತ್ರವು ಲೇವಾದೇವಿಗಾರನ ಮನೆಗೇ ಹೋಯಿತೆಂಬುದು ಸ್ವಾರಸ್ಯ. 1648ರಲ್ಲಿಯೇ ಪೂಸ್ಸಾಂ ಇನ್ನೆರಡು ಪ್ರಕೃತಿದೃಶ್ಯಗಳನ್ನು ಬರೆದನು. ಅವು ಅಥೆನ್ಸಿನ ಫೋಸಿಯನ್ ಎಂಬ ಬಡ ದಂಡನಾಯಕನನ್ನು ಕುರಿತವು. ಅಲೆಕ್ಸಾಂಡರನು ಕಳುಹಿಸಿದ ನೂರು ಟ್ಯಾಲೆಂಟುಗಳ ಭಾರೀ ದ್ರವ್ಯವನ್ನು ಆತನು ಹಿಂದಕ್ಕೆ ಕಳುಹಿಸಿದ್ದನು. ದ್ರವ್ಯ ತಂದ ದೂತರು ಕಂಡದ್ದೇನೆಂದರೆ, ಆತನ ಹೆಂಡತಿ ರೊಟ್ಟಿಯ ಹಿಟ್ಟು ನಾದುತ್ತಿದ್ದಳು, ಆತನು ತಾನೇ ಬಾವಿಯಿಂದ ನೀರು ಸೇದುತ್ತಿದ್ದನು. ಅಂಥವನಿಗೂ ಊರವರು ಕ್ರಿ. ಪೂ. 318ರಲ್ಲಿ ವಿಷ ಕುಡಿಸಿದರು. ಆ ಚಿತ್ರಗಳನ್ನು ಕೊಂಡವನು ಲಿಯಾನ್ ಪಟ್ಟಣದ ರೇಷ್ಮೆ ವರ್ತಕ.

ಡಯೋಜನೀಸನ ಚಿತ್ರವು ಅನಂತರ ರಿಶ್‌ಲ್ಯೂ ಡ್ಯೂಕನ ಕೈಸೇರಿತು. ಅವನಿಂದ 1665ರಲ್ಲಿ ಹದಿನಾಲ್ಕನೆಯ ಲೂಯಿ ದೊರೆ ಬೇರೆ ಚಿತ್ರಗಳ ಜೊತೆಗೆ ಇದನ್ನೂ ಕೊಂಡನು. ಹದಿನಾಲ್ಕನೆಯ ಲೂಯಿಯೆಂದರೆ ವರ್ಸೈಲ್ಸ್ ಅರಮನೆಯನ್ನು ಕಟ್ಟಿಸಿದವನು! ಕುಡಿಯುವ ಬಟ್ಟಲು ಹೆಚ್ಚಾಯಿತೆಂದವನ ಚಿತ್ರವು ಬಂಗಾರದ ಬಟ್ಟಲುಗಳ ದೊರೆಯ ಸಂಗ್ರಹದಲ್ಲಿ ನೂರಕ್ಕೂ ಮಿಕ್ಕಿದ ವರ್ಷ ಇತ್ತು. ಮಹಾಕ್ರಾಂತಿಯಾದ ಮೇಲೆ, 1793ರಲ್ಲಿ, ಲೂವ್ರ್ ಅರಮನೆಯ ಬಾಗಿಲು ವಸ್ತುಸಂಗ್ರಹಾಲಯವಾಗಿ ಜನರಿಗೆ ತೆರೆಯಿತು. ರಾಜರ ಸಂಗ್ರಹವು ಜನತೆಯ ಸ್ವತ್ತಾಯಿತು.

ಉಳ್ಳವರ ಗೋಡೆಯ ಮೇಲೆ ವಿರಕ್ತರ ಚಿತ್ರ ತೂಗುವುದನ್ನು ನೋಡಿ ನಗುವ ಹಕ್ಕು ನನಗಿಲ್ಲ. ನಾನೂ ತೂಗಿಹಾಕಿದವನೇ. ಗಲ್ಲಾದ ಹಿಂದೆ, ದೇವರ ಪಟಗಳಿಂದ ಸ್ವಲ್ಪ ದೂರದಲ್ಲಿ, ಕಟ್ಟು ಹಾಕಿಸಿ ಅಚ್ಚಿನ ಪ್ರತಿಯನ್ನು ಇಟ್ಟಿದ್ದೆ. ಆ ದಿನಗಳಲ್ಲಿ ಹೋಟೆಲಿನಲ್ಲಿ ಕುಂದಾಪುರದ ಕಡೆಯ ಒಬ್ಬ ಹುಡುಗನಿದ್ದ. ಮಾಣಿಯಾಗಿ ಸೇರಿ ಎರಡು ವರ್ಷಗಳಾಗಿದ್ದವು. ಚುರುಕು ಕೈ, ಕಡಮೆ ಮಾತು. ಸಂಬಳ ಹೆಚ್ಚಿಸಬೇಕೆಂದು ಕೇಳಿ ಒಂದು ವಾರವಾಗಿತ್ತು. ನೋಡುವ ಎಂದು ಹೇಳಿ ಕಳುಹಿಸಿದ್ದೆ. 'ನೋಡುವ' ಎಂಬ ಮಾತಿನ ಅರ್ಥ ಈ ಪತ್ರಿಕೆಯ ವಾಚಕರಿಗೆಲ್ಲ ಗೊತ್ತಿದೆ.

ಮಧ್ಯಾಹ್ನದ ಗಿರಾಕಿ ಕಳೆದ ಹೊತ್ತಿನಲ್ಲಿ ಅವನು ಚಿತ್ರವನ್ನು ದಿಟ್ಟಿಸಿ ನೋಡುತ್ತ, ಆ ಅಜ್ಜ ಯಾರೆಂದು ಕೇಳಿದ. ನಾನು ಉತ್ಸಾಹದಿಂದ ಹೇಳಿದೆ: ಗುಡಾಣ, ಕೋಲು, ಜೋಳಿಗೆ, ಕೈಯಲ್ಲಿ ನೀರು ಕುಡಿದ ಮಗು, ಎಸೆದ ಬಟ್ಟಲು. ಮನುಷ್ಯನಿಗೆ ಬೇಕಾದದ್ದು ಎಷ್ಟು ಸ್ವಲ್ಪ ನೋಡು ಮಾಣಿ ಎಂದೂ ಸೇರಿಸಿದೆ. ಸಂಬಳದ ಮಾತು ಆಗ ನನ್ನ ಮನಸ್ಸಿನಲ್ಲಿ ಇರಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಅವನು ತಾಳ್ಮೆಯಿಂದ ಕೇಳಿದ. ಕೇಳಿ ಮುಗಿದ ಮೇಲೆ, ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, "ಕಡಿಗೆ ಆ ಹುಡ್ಗ ಬಟ್ಲು ಎತ್ಕಂಡ್ನಾ, ಧಣಿ?" ಎಂದ.

ನನ್ನಲ್ಲಿ ಉತ್ತರವಿರಲಿಲ್ಲ. ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಈ ಕಥೆಯನ್ನು ಹೇಳಿದವರೆಲ್ಲ ಮುದುಕನ ಕಡೆಗೆ ನೋಡಿದವರು. ಮಗುವಿಗೆ ಬಟ್ಟಲು ಏಕೆ ಇರಲಿಲ್ಲವೆಂದು ಕೇಳಿದವರನ್ನು ನಾನು ಕಂಡಿರಲಿಲ್ಲ. ನಾನೂ ಕೇಳಿರಲಿಲ್ಲ, ಕೇಳಬೇಕಾದವನು ನಾನೇ ಆಗಿದ್ದೆ. ಹದಿನಾಲ್ಕನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಒಂದು ಹೋಟೆಲಿನ ಹಿಂಬದಿಯಲ್ಲಿ ರಾತ್ರಿ ಹನ್ನೊಂದರವರೆಗೆ ಲೋಟ ತೊಳೆದವನು ನಾನು. ಅಲ್ಲಿ ನೂರಾರು ಲೋಟಗಳಿದ್ದವು. ಅವು ಗಿರಾಕಿಗಳಿಗೆ. ನಾವು ಹುಡುಗರು ನಲ್ಲಿಯ ಕೆಳಗೆ ಬೊಗಸೆಯೊಡ್ಡಿ ಕುಡಿಯಬೇಕೆಂಬುದು ಅಲ್ಲಿಯ ಕಟ್ಟಳೆ. ಆಗ ಯಾವ ತತ್ತ್ವಜ್ಞಾನಿಯಾದರೂ ಆ ಓಣಿಯಲ್ಲಿ ಬಂದು ನನ್ನನ್ನು ನೋಡಿ ತನ್ನ ಬಟ್ಟಲನ್ನು ಎಸೆದಿದ್ದರೆ, ಅವನು ತಿರುವು ದಾಟುವುದರೊಳಗೆ ನಾನದನ್ನು ಎತ್ತಿ ನನ್ನ ಟ್ರಂಕಿನಲ್ಲಿ ಇಟ್ಟುಕೊಂಡಿರುತ್ತಿದ್ದೆ.

ಇಲ್ಲದಿರುವುದು ಬೇರೆ, ಬಿಡುವುದು ಬೇರೆ. ಇವೆರಡನ್ನೂ ಒಂದೇ ಹೆಸರಿನಿಂದ ಕರೆಯುವುದು ಸಂಬಳ ಕೊಡುವವರಿಗೆ ಬಹಳ ಅನುಕೂಲವಾದ ಸಂಗತಿ. ಗಲ್ಲಾದ ಈಚೆಗೆ ಕುಳಿತವನು ಆಚೆಗೆ ನಿಂತವನಿಗೆ ತೃಪ್ತಿಯನ್ನು ಬೋಧಿಸುವುದಕ್ಕೆ ನಮ್ಮ ದಾಸರ, ಶರಣರ ಮಾತುಗಳೂ ಎಷ್ಟೋ ಸಾರಿ ಕೂಲಿಯಿಲ್ಲದೆ ದುಡಿದಿವೆ. ಪರದೇಶದ ಈ ಮುದುಕನನ್ನೂ ನಾನು ಅದೇ ಕೆಲಸಕ್ಕೆ ಹಚ್ಚಿದ್ದೆ.

ಆ ತಿಂಗಳು ಹುಡುಗನ ಸಂಬಳ ಹೆಚ್ಚಾಯಿತೇ ಎಂದು ವಾಚಕರು ಕೇಳಬಹುದು. ಆಯಿತು, ಅವನು ಕೇಳಿದಷ್ಟಲ್ಲ.

ಡಯೋಜನೀಸನ ಮೇಲೆ ಅಪವಾದ ಬರಬಾರದೆಂದು ಒಂದು ಮಾತು ಹೇಳಬೇಕು. ಅವನು ಬಡವರಿಗೆ ತೃಪ್ತಿಯನ್ನು ಬೋಧಿಸಿದವನೆಂದು ನಾನೆಲ್ಲಿಯೂ ಓದಿಲ್ಲ. ಅವನು ಕಚ್ಚಿದ್ದೆಲ್ಲ ಮೇಲಿನವರನ್ನು. ಕೊರಿಂತದಲ್ಲಿ ಅಲೆಕ್ಸಾಂಡರನು ಮುಂದೆ ನಿಂತು ಬೇಕಾದುದನ್ನು ಕೇಳೆಂದಾಗ, ಬಿಸಿಲಿಗೆ ಅಡ್ಡ ನಿಲ್ಲಬೇಡವೆಂದದ್ದು ಜಗತ್ತಿಗೆಲ್ಲ ಗೊತ್ತು. ಪ್ಲೇಟೋನ ಮನೆಯ ರತ್ನಗಂಬಳಿಯನ್ನು ಕೆಸರುಗಾಲಿನಿಂದ ತುಳಿದು, ಪ್ಲೇಟೋನ ಜಂಬವನ್ನು ತುಳಿಯುತ್ತಿದ್ದೇನೆಂದನಂತೆ. ಹೌದು, ಇನ್ನೊಂದು ಬಗೆಯ ಜಂಬದಿಂದ ತುಳಿಯುತ್ತಿದ್ದೀಯೆ ಎಂದು ಪ್ಲೇಟೋ ಮರುನುಡಿದನಂತೆ. ಇಬ್ಬರ ಮಾತೂ ನಿಜವೇ. ಕಡಲುಗಳ್ಳರು ಹಿಡಿದು ಅವನನ್ನು ಗುಲಾಮನನ್ನಾಗಿ ಮಾರಿದಾಗಲೂ, ನಿನಗೆ ಬರುವ ಕೆಲಸವೇನೆಂದು ಕೇಳಿದವರಿಗೆ, ಮನುಷ್ಯರನ್ನು ಆಳುವುದೆಂದನಂತೆ. ಕೊಂಡ ಯಜಮಾನನು ತನ್ನ ಮಕ್ಕಳಿಗೆ ಅವನನ್ನು ಗುರುವಾಗಿ ಇಟ್ಟುಕೊಂಡನು. ಇವು ಬಾಯಿಂದ ಬಾಯಿಗೆ ಬಂದ ಕಥೆಗಳು. ಎಲ್ಲವೂ ನಡೆದದ್ದೆಂದು ಆಣೆಯಿಡಲಾಗದು.

ಈ ಮುದುಕನ ಹೆಸರು ನಮ್ಮ ದೇಶಕ್ಕೆ ಬಂದುದಕ್ಕೆ ಮಾತ್ರ ಹಳೆಯ ಆಧಾರವಿದೆ. ಅವನ ಶಿಷ್ಯನಾದ ಒನೆಸಿಕ್ರಿಟಸನೆಂಬವನು ಅಲೆಕ್ಸಾಂಡರನ ದಂಡಿನ ಜೊತೆಗೆ ಕ್ರಿ. ಪೂ. 326ರಲ್ಲಿ ಪಂಜಾಬಿನ ಕಡೆಗೆ ಬಂದಿದ್ದನು. ತಕ್ಷಶಿಲೆಯ ಬಳಿ ಕಾದ ಕಲ್ಲುಗಳ ಮೇಲೆ ಬತ್ತಲೆ ಮಲಗಿದ್ದ ತಪಸ್ವಿಗಳನ್ನು ಮಾತಾಡಿಸಿ ಬರಲು ದೊರೆ ಅವನನ್ನು ಕಳುಹಿಸಿದನು. ಕಲನಸನೆಂಬ ತಪಸ್ವಿಯು ಅವನ ಉಡುಪನ್ನು ನೋಡಿ ನಕ್ಕು, ಅದನ್ನು ಕಳಚಿ ಇದೇ ಕಲ್ಲಿನ ಮೇಲೆ ಮಲಗಿ ಕೇಳುವುದಾದರೆ ಹೇಳುವೆನೆಂದನು. ಇನ್ನೊಬ್ಬ ಹಿರಿಯ, ಮಂಡನಿಸನೆಂದು ಗ್ರೀಕರು ಕರೆದವನು, ಮೆತ್ತಗೆ ಮಾತಾಡಿಸಿದನು. ತನ್ನ ನಾಡಿನಲ್ಲಿಯೂ ಸಾಕ್ರೆಟಿಸ್, ಪೈಥಾಗೊರಸ್, ಡಯೋಜನೀಸ್ ಎಂಬವರು ಇಂಥದನ್ನೇ ಬೋಧಿಸಿದರೆಂದು ಒನೆಸಿಕ್ರಿಟಸನು ಹೇಳಿಕೊಂಡನು. ಅದಕ್ಕೆ ಆ ಹಿರಿಯನು, ಅವರೆಲ್ಲ ಬುದ್ಧಿವಂತರೆಂದೇ ತೋರುತ್ತದೆ, ಆದರೆ ಪ್ರಕೃತಿಗಿಂತ ರೂಢಿಗೇ ಹೆಚ್ಚು ಮಣಿದರು, ಇಲ್ಲವಾದರೆ ಬಟ್ಟೆಯನ್ನೂ ಬಿಡಲು ನಾಚುತ್ತಿರಲಿಲ್ಲ ಎಂಬರ್ಥದಲ್ಲಿ ಉತ್ತರವಿತ್ತನೆಂದು ಸ್ಟ್ರಾಬೋ ತನ್ನ ಭೂಗೋಳಗ್ರಂಥದಲ್ಲಿ ಬರೆದಿದ್ದಾನೆ. ಬಟ್ಟಲನ್ನು ಬಿಟ್ಟೆನೆಂದವನಿಗೆ ಬಟ್ಟೆಯ ಮಾತನ್ನು ಎತ್ತಿದವರು ನಮ್ಮವರು! ಇದನ್ನು ಓದುವಾಗ ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಂತ 57 ಅಡಿಯ ಬಾಹುಬಲಿ ಯಾವ ಕನ್ನಡಿಗನಿಗೂ ನೆನಪಾಗದಿರಲಾರನು. ಅವನು ಬಿಟ್ಟದ್ದು ಗೆದ್ದ ರಾಜ್ಯವನ್ನು. ಕೈಯಲ್ಲಿ ಬಂದಿತ್ತು, ಬಿಟ್ಟನು. ಸೋತು ಬರಿಗೈಯಾದವನ ಮೂರ್ತಿಯನ್ನು ಯಾರೂ ಕಡೆಯಿಸುವುದಿಲ್ಲ.

ಹುಡುಗನ ಪ್ರಶ್ನೆಯಾದ ಮೇಲೆ ಚಿತ್ರವನ್ನು ನೋಡುವ ನನ್ನ ರೀತಿಯೇ ಬೇರೆಯಾಯಿತು. ಈಗ ಮೊದಲು ತರುಣನನ್ನು ನೋಡುತ್ತೇನೆ. ಪೂಸ್ಸಾಂನು ಅವನನ್ನು ದೀನನನ್ನಾಗಿ ಬರೆದಿಲ್ಲ. ಹರಕು ಬಟ್ಟೆ, ಬಡಕಲು ಮೈ, ಕರುಣೆ ಬೇಡುವ ಮುಖ, ಇವು ಯಾವುವೂ ಇಲ್ಲ. ಗಟ್ಟಿಮುಟ್ಟಾದ ಮೈಯವನು, ಬಾಯಾರಿದೆ, ಬಗ್ಗಿ ಕುಡಿಯುತ್ತಿದ್ದಾನೆ. ತಾನು ಯಾರಿಗೋ ಗುರುವಾದೆನೆಂಬ ಅರಿವು ಅವನಿಗಿಲ್ಲ. ಬಟ್ಟಲು ಅವನ ಕೈಗೆಟಕುವಷ್ಟು ಹತ್ತಿರದಲ್ಲಿಯೇ ಬಿದ್ದಿದೆ. ನೀರು ಕುಡಿದು ತಲೆಯೆತ್ತಿದಾಗ ಅವನು ಅದನ್ನು ಕಾಣದಿರಲಾರನು. ಚಿತ್ರಕಾರನು ಕಥೆಯನ್ನು ಆ ತಲೆ ಏಳುವುದಕ್ಕಿಂತ ಒಂದು ಕ್ಷಣ ಮೊದಲೇ ನಿಲ್ಲಿಸಿದ್ದಾನೆ.

ಹೋಟೆಲನ್ನು ಭಾವಮೈದುನನಿಗೆ ಒಪ್ಪಿಸಿ ನಾನು ಈ ಪತ್ರಿಕೆಯ ಕೆಲಸಕ್ಕೆ ಬಂದಾಗ, ದೊಡ್ಡ ತ್ಯಾಗವೆಂದು ಕೆಲವು ಮಿತ್ರರು ಸನ್ಮಾನದ ಮಾತಾಡಿದರು. ತ್ಯಾಗವಲ್ಲ, ಬಾಡಿಗೆಯ ಪಾಲು ಈಗಲೂ ತಿಂಗಳು ತಿಂಗಳು ಬರುತ್ತದೆ. ಚಿತ್ರವನ್ನು ಮಾತ್ರ ಜೊತೆಗೆ ತಂದು ಕಛೇರಿಯ ಮೇಜಿನ ಎದುರಿಗೆ ಹಾಕಿಕೊಂಡಿದ್ದೇನೆ.

ಆ ಹುಡುಗನಿಗೆ ಈಗ ಇಬ್ಬರು ಮಕ್ಕಳು. ಡೊಂಬಿವಲಿಯಲ್ಲಿ ಸ್ವಂತ ಕ್ಯಾಂಟೀನು ನಡೆಸುತ್ತಾನೆ, ನಾಲ್ವರು ಕೆಲಸದವರಿದ್ದಾರೆ. ಕಳೆದ ದೀಪಾವಳಿ ಸಂಚಿಕೆಗೆ ಜಾಹೀರಾತು ಕೊಡಲು ಬಂದವನು, ಚಹ ಬರುವವರೆಗೆ ಕುರ್ಚಿಯಲ್ಲಿ ಕುಳಿತು ಆ ಕಡೆ ಈ ಕಡೆ ನೋಡಿದ. ಚಿತ್ರದ ಮೇಲೆ ಕಣ್ಣು ಬಿತ್ತು. ಎದ್ದು ಹತ್ತಿರ ಹೋಗಿ ನೋಡಿದ.

"ಅವ ಇನ್ನೂ ಎತ್ಕಂಡಿಲ್ಲ, ಅಲ್ದಾ ಧಣಿ?" ಎಂದ.

ಇಲ್ಲವೆಂದೆ. ಚಹ ಬಂದಿತು, ಕುಡಿದೆವು. ಅರ್ಧ ಪುಟದ ಜಾಹೀರಾತಿಗೆ ದರ ಸ್ವಲ್ಪ ಕಡಮೆ ಮಾಡಬೇಕೆಂದು ಅವನು ಕೇಳಿದ. ನೋಡುವ ಎಂದೆ.